ಡಬ್ಬಿಯೊಳಗಿನ ವೆಲ್ಡಿಂಗ್

ಕಾಪು
೧೪-೯-೧೯೭೯

ತಮ್ಮ ಕಾಸಿಂಗೆ,

ಅಸ್ಸಲಾಮು ಅಲೈಕುಂ. ಎಷ್ಟೇ ಸಿಟ್ಟಿದ್ದರೂ ಸಲಾಂ ಬಿಡಬಾರದೆಂದು ಉಮ್ಮ ಹೇಳುತ್ತಾರೆ, ಅದಕ್ಕೇ ಬರೆದೆ. ಇಲ್ಲಿ ಎಲ್ಲರೂ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುವುದು ಎಂಬ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ನಮ್ಮ ಬ್ಯಾರಿ ಭಾಷೆಯಲ್ಲಿ ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಅದನ್ನು ಬರೆಯುವ ರೂಢಿ ನಮ್ಮಲ್ಲಿಲ್ಲ, ಹಾಗಾಗಿ ನನ್ನ ಏಳನೇ ಕ್ಲಾಸಿನ ಕನ್ನಡದಲ್ಲೇ ಬೈಯುತ್ತೇನೆ, ಕೇಳು.

ಮೊನ್ನೆ ಸೋಮವಾರ, ನೀನು ನನಗಾಗಿ ಕಟ್ಟಿದ ಗಾಡಿಯನ್ನು ಬಿಚ್ಚಿದೆವು. ನೀನು ಹೇಳಿದೆಯೆಂದು ಉಪ್ಪ ಶೆಡ್ಡಿನ ಬೀಗ ತೆಗೆದು, ಉದ್ಯಾವರದಿಂದ ಲೇತಿನ ಅಲೆಕ್ಸನನ್ನು ಕರೆಸಿದರು. ಒಂದೂವರೆ ವರ್ಷದ ಧೂಳು. ಚೈನು ತುಕ್ಕು ಹಿಡಿದು ಕಬ್ಬಿಣದ ಸರಳಿನ ಹಾಗಾಗಿತ್ತು. ಡಿಫರೆನ್ಶಿಯಲ್ಲಿನ ಡಬ್ಬಿ ತೆರೆದು ಗ್ರೀಸು ಒರೆಸಿದ್ದು ನಾನು. ಹಾಗಾಗಿ ಮೊದಲು ನೋಡಿದ್ದೂ ನಾನೇ.

ಒಳಗಿನ ನಾಲ್ಕು ಹಲ್ಲುಚಕ್ರಗಳನ್ನು ಒಂದಕ್ಕೊಂದು ಸೇರಿಸಿ ನೀನು ವೆಲ್ಡಿಂಗ್ ಮಾಡಿದ್ದೆ.

ಆ ಹಲ್ಲುಚಕ್ರಗಳು ಏನು ಮಾಡುತ್ತವೆಂದು ನನಗೆ ಕಲಿಸಿದವನು ನೀನೇ. ಹಳೆಯ ಕಾರಿನಿಂದ ತೆಗೆದ ಅವುಗಳನ್ನು ನನ್ನ ಮಡಿಲಿಗೆ ಹಾಕಿ, ಜಾವಾ ಎಂಜಿನ್ನಿನಿಂದ ಬರುವುದು ಒಂದೇ ಚೈನು, ಅದು ತಿರುಗಿಸಬೇಕಾದದ್ದು ಎರಡು ಚಕ್ರ, ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ದೂರ ಹೆಚ್ಚು, ಒಳಗಿನದಕ್ಕೆ ಕಡಿಮೆ, ಎರಡನ್ನೂ ಅದರದರ ಪಾಡಿಗೆ ಓಡಲು ಬಿಡುವುದೇ ಈ ಡಬ್ಬಿಯ ಕೆಲಸ ಎಂದಿದ್ದೆ. ಎರಡು ವಾರ ಕೂತು ಒಂದೊಂದು ಹಲ್ಲನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಅರ ಹಾಕಿದವಳು ನಾನು. ಕಾಲು ಸಣಕಲಾದರೂ ಅಕ್ಕನ ಕೈ ಕಬ್ಬಿಣ ಎಂದು ನಗುತ್ತಿದ್ದೆಯಲ್ಲ? ಆ ಕೈಯ ಕೆಲಸದ ಮೇಲೆ ವೆಲ್ಡಿಂಗ್ ಸುರಿಯುವಾಗ ನನ್ನನ್ನೊಮ್ಮೆ ಕೇಳಬೇಕೆನಿಸಲಿಲ್ಲವಾ?

ಯಾಕೆ ಮಾಡಿದೆಯೆಂದೂ ಗೊತ್ತಾಯಿತು. ಆಗ ಮಣಿಪಾಲದ ಇಂಜಿನಿಯರಿಂಗ್ ಕಾಲೇಜಿನವರು ಭಾನುವಾರ ಗಾಡಿ ನೋಡಲು ಬರುವವರಿದ್ದರು. ಅದಕ್ಕೆ ಮೊದಲಿನ ಶುಕ್ರವಾರ ನಮ್ಮ ಓಣಿಯ ಹೊಯಿಗೆ ಮರಳಿನಲ್ಲಿ ಒಂದು ಚಕ್ರ ಹೂತು ಗಿರಗಿರ ತಿರುಗಿತು, ಇನ್ನೊಂದು ಅಲ್ಲಾಡಲೇ ಇಲ್ಲ. ಬೇಲಿಯಾಚೆಯಿಂದ ಜನ ನಕ್ಕರು. ನಿನಗೆ ಅವಮಾನವಾಯಿತು. ಎರಡು ಚಕ್ರವೂ ಒಟ್ಟಿಗೇ ತಿರುಗಿದರೆ ಹೊಯಿಗೆ ದಾಟುತ್ತದೆ ಎಂದು ಬೆಸೆದುಬಿಟ್ಟೆ. ದಾಟಿತು, ಹೌದು. ಕಾಲೇಜಿನವರು ನಿನ್ನ ಬೆನ್ನು ತಟ್ಟಿದರು. ಅವರು ನೋಡಿದ್ದು ನೇರ ಓಣಿಯಲ್ಲಿ ಮಾತ್ರ. ಕಡಲ ಕರೆಯಲ್ಲಿ ಹುಟ್ಟಿದವನು ನೀನು, ಚಕ್ರದಡಿಗೆ ನಾಲ್ಕು ತೆಂಗಿನ ಮಡಲು ಹಾಸಿದ್ದರೆ ಸಾಕಿತ್ತಲ್ಲ! ಮಡಲು ಹಾಸಿದರೆ ಇಂಜಿನಿಯರನ ಮರ್ಯಾದೆ ಹೋಗುತ್ತಿತ್ತೇನೋ.

ಅದರ ಮರು ಬುಧವಾರ ಉಡುಪಿಯ ಹೊಲಿಗೆ ತರಗತಿಗೆ ನನ್ನ ಮೊದಲ ದಿನ. ಬಸ್ಸಿನ ಮೆಟ್ಟಿಲು ಹತ್ತಲಾಗದ ನಾನು ಟೀಚರಾಗಿ ನನ್ನದೇ ಗಾಡಿಯಲ್ಲಿ ಹೊರಟಿದ್ದೆ. ಉದ್ಯಾವರದ ತಿರುವಿನಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದೆ. ಬೆಸೆದ ಎರಡು ಚಕ್ರವೂ ಒಟ್ಟಿಗೇ ತಳ್ಳಿ ಗಾಡಿ ಮಾತ್ರ ನೇರ ಹೋಗಿ ಗದ್ದೆಗೆ ಬಿತ್ತು. ಭುಜದ ಮೂಳೆ ಮುರಿದದ್ದು ಎರಡು ತಿಂಗಳಲ್ಲಿ ಕೂಡಿತು. ಅದಕ್ಕಾಗಿ ನಾನು ಈ ಪತ್ರ ಬರೆಯುತ್ತಿಲ್ಲ. ಮುರಿದ ಮೂಳೆಗೆ ನಾನು ನಿನ್ನನ್ನು ಯಾವತ್ತೋ ಕ್ಷಮಿಸಿದ್ದೇನೆ.

ಅದಾದ ಮೇಲೆ ಶಾರ್ಜಾ ತಲುಪಿ ನೀನು ಬರೆದ ಮೊದಲ ಪತ್ರಕ್ಕೆ ಕ್ಷಮಿಸಲಾರೆ.

ಈ ಮನೆಯಲ್ಲಿ ಕನ್ನಡ ಓದಲು ಬರುವುದು ನನಗೊಬ್ಬಳಿಗೇ ಎಂದು ನಿನಗೆ ಗೊತ್ತಿತ್ತು. ಉಪ್ಪ ಆರಾಮ ಕುರ್ಚಿಯಲ್ಲಿ, ಉಮ್ಮ ಬಾಗಿಲಲ್ಲಿ, ನೆರೆಯ ಹೆಂಗಸರು ಚಾಪೆಯ ಮೇಲೆ. ನಡುವೆ ಕೂತು ನಾನು ಓದಬೇಕು. ಗಾಡಿಯಲ್ಲಿ ಎಂತ ತಪ್ಪೂ ಇಲ್ಲ, ಅಕ್ಕ ಹೆದರಿ ಕೈಬಿಟ್ಟಳು, ಇನ್ನು ಅವಳ ಕೈಗೆ ಗಾಡಿ ಕೊಡಬೇಡಿ ಎಂದು ಬರೆದಿದ್ದೆ. ನಿನ್ನ ಸುಳ್ಳನ್ನು ನನ್ನ ಬಾಯಿಂದಲೇ ಊರಿಗೆ ಹೇಳಿಸಿದೆಯಲ್ಲೋ! ನಾನು ಒಂದಕ್ಷರ ಬಿಡದೆ ಓದಿದೆ. ಓದಿ ಮುಗಿಸಿದಾಗ ಉಪ್ಪ, ಇದೇ ನಾನೂ ಹೇಳಿದ್ದು ಎಂದರು. ಶೆಡ್ಡಿನ ಬೀಗದ ಕೈ ಅವರ ಸೊಂಟದ ಬೆಲ್ಟಿಗೆ ಸೇರಿತು. ತರಗತಿಗೆ ನನ್ನ ಬದಲು ಪ್ರೆಸಿಲ್ಲಾ ಎಂಬವಳು ಟೀಚರಾಗಿ ಸೇರಿದಳು.

ಮೊನ್ನೆ ಆ ವೆಲ್ಡಿಂಗನ್ನು ಅಲೆಕ್ಸನೇ ಉಪ್ಪನಿಗೆ ತೋರಿಸಿದ. ಉಪ್ಪ ಕನ್ನಡಕ ಹಾಕಿ ತುಂಬ ಹೊತ್ತು ನೋಡಿದರು. ಬಿಸಿಗೆ ಕರಗಿ ಅಂಟಿದ್ದಾಗಿರಬೇಕು, ನಮ್ಮ ಕಾಸಿಂ ಹಾಗೆ ಮಾಡುವವನಲ್ಲ ಎಂದರು. ಅಲೆಕ್ಸ್ ನನ್ನ ಮುಖ ನೋಡಿದ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಕಬ್ಬಿಣ ಕಣ್ಣೆದುರು ಹೇಳಿದರೂ ನಂಬಿಕೆಯಿಲ್ಲ. ಏಳು ಸಮುದ್ರದಾಚೆಯಿಂದ ನೀನು ಬರೆದರೆ ನಂಬಿಕೆ.

ಅಲೆಕ್ಸ್ ಕಾರ್ಕಳದ ಗುಜರಿಯಿಂದ ಬೇರೆ ಹಲ್ಲುಚಕ್ರ ತಂದುಕೊಟ್ಟ. ಜೋಡಿಸಿದ್ದು ನಾನು. ಡಬ್ಬಿ ಮುಚ್ಚುವ ಮೊದಲು ಒಂದು ಚಕ್ರವನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸಿದೆ. ಇನ್ನೊಂದು ಹಿಂದಕ್ಕೆ ತಿರುಗಿತು, ನೀನು ಕಲಿಸಿದ ಹಾಗೆಯೇ. ಆಗ ಮಾತ್ರ ಸ್ವಲ್ಪ ಅತ್ತೆ. ನಿನ್ನ ಲೆಕ್ಕ ಸರಿಯಿತ್ತು ಮಾರಾಯ, ಮೊದಲು ಮಾಡಿದ್ದು ಚಿನ್ನದಂಥ ಕೆಲಸ. ಅದನ್ನೇ ನಂಬದೆ ಹಾಳುಮಾಡಿಕೊಂಡೆ.

ಪ್ರೆಸಿಲ್ಲಾ ಮದುವೆಯಾಗಿ ಬೊಂಬಾಯಿಗೆ ಹೋಗುತ್ತಾಳಂತೆ. ನವೆಂಬರ್ ಒಂದಕ್ಕೆ ನಾನು ಬರುವುದಾದರೆ ಜಾಗ ಉಂಟು ಎಂದು ತರಗತಿಯವರು ಹೇಳಿಕಳುಹಿಸಿದ್ದಾರೆ. ಕಾಸಿಂ ಬರೆದರೆ ಬೀಗದ ಕೈ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಉಪ್ಪ ಹೇಳಿಬಿಟ್ಟಿದ್ದಾರೆ.

ಆದ್ದರಿಂದ ಬರೆ. ವೆಲ್ಡಿಂಗ್ ಮಾಡಿದ್ದು ನಾನು, ಅಕ್ಕನದು ತಪ್ಪಿಲ್ಲ ಎಂದು, ಅಷ್ಟೇ. ಆದರೆ ಈ ಸಲ ಮನೆಯ ವಿಳಾಸಕ್ಕೆ ಬೇಡ. ಶಾಲೆಯ ರಘುಪತಿ ಮಾಸ್ಟ್ರ ವಿಳಾಸಕ್ಕೆ ಹಾಕು. ಅವರು ನಮ್ಮ ಜಗಲಿಗೆ ಬಂದು ಎಲ್ಲರೆದುರು ಓದಲಿ. ನಾನು ಬಾಯಿ ಮುಚ್ಚಿ ಕೂತು ಕೇಳಬೇಕು.

ಇಂತು,
ನಿನ್ನ ಮೇಲೆ ಇನ್ನೂ ಸಿಟ್ಟಿರುವ ಅಕ್ಕ
ನಬೀಸಾ

ಮರೆತ ಮಾತು: ಶೆಡ್ಡು ತೆಗೆಯಲು ನಾನೆಲ್ಲಿ ಹೇಳಿದ್ದೆ ಎಂದು ನೀನು ತಲೆ ಕೆರೆದುಕೊಳ್ಳುತ್ತಿರಬಹುದು. ಆ ಗಾಡಿಯನ್ನು ಬಿಚ್ಚದೆ ಹಾಗೆಯೇ ಗುಜರಿಗೆ ಹಾಕಿ ಎಂದು ನೀನು ಹೋದ ತಿಂಗಳು ಬರೆದಿದ್ದೆ. ನಾನು ಅದನ್ನು, ಗಾಡಿ ಬಿಚ್ಚಿಸಿ ನೋಡಿ, ತಪ್ಪು ನನ್ನದೇ ಇರಬಹುದು ಎಂದು ಓದಿದೆ. ಉಪ್ಪನ ಕಣ್ಣು ತುಂಬಿತು. ನನ್ನ ಮಗ ಎಂಥ ನ್ಯಾಯದವನು ಎಂದು ಮೂರು ಸಲ ಹೇಳಿದರು. ನಿನ್ನ ತಪ್ಪೊಪ್ಪಿಗೆಯನ್ನೂ ನಾನು ಹಾಗೆಯೇ ಓದಿಬಿಡಬಹುದು, ಆದರೆ ಓದುವುದಿಲ್ಲ. ಅವರು ಮೂರು ಸಲ ಹೇಳಿದ ಆ ಮಗ ನೀನಾಗು.