ನಿಮ್ಮ ಕಚೇರಿಯಲ್ಲಿ ಹರಿದ ಹಾಳೆಯ ಜೋಡಿ ನನ್ನ ಬಳಿ ಇದೆ

ಮಾನ್ಯ ಸಂಚಾಲಕರೇ,

ನನ್ನ ಅಕ್ಕ ತನ್ನ ಉಮೇದುವಾರಿಕೆಯನ್ನು ಆಡಳಿತ ಪಕ್ಷಕ್ಕೆ ಮಾರಿಕೊಂಡಳು ಎಂದು ನಿಮ್ಮ ವಿಚಾರಣಾ ಸಮಿತಿ ವರದಿ ಬರೆದಿದೆ. ಅದು ಸುಳ್ಳು. ಸುಳ್ಳೆಂದು ನಿಮಗೆ ಗೊತ್ತು, ನಿಮ್ಮ ಆಪ್ತ ಕಾರ್ಯದರ್ಶಿಗೆ ಗೊತ್ತು, ನನಗೆ ಗೊತ್ತು. ಗೊತ್ತಿಲ್ಲದಿರುವುದು ಊರಿಗೆ ಮಾತ್ರ. ನಿಮಗೆ ಖಾಸಗಿಯಾಗಿ ಬರೆದ ನಾಲ್ಕು ಪತ್ರಗಳಿಗೆ ಉತ್ತರ ಬರಲಿಲ್ಲ. ತಾವು ಕಾರ್ಯಬಾಹುಳ್ಯದಲ್ಲಿದ್ದೀರಿ, ಸರಿ. ಹಾಗಾಗಿ ಐದನೆಯದನ್ನು ಊರಿಗೆಲ್ಲ ಕೇಳಿಸುವಂತೆ ಬರೆಯುತ್ತಿದ್ದೇನೆ.

ಮೂರು ಪಕ್ಷಗಳ ಒಕ್ಕೂಟವೇ ಮುರಿದುಬಿದ್ದ ಮೇಲೆ ನಿಮ್ಮನ್ನು ಸಂಚಾಲಕರೇ ಎನ್ನುವುದು ಸರಿಯೋ ತಪ್ಪೋ ಎಂದು ಒಂದು ಗಳಿಗೆ ಯೋಚಿಸಿದೆ. ಆದರೆ ಕಳೆದ ವಾರ ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ನಿಮ್ಮ ಮೇಜಿನ ಮೇಲೆ 'ಸಂಚಾಲಕರು' ಎಂಬ ಹಿತ್ತಾಳೆಯ ಫಲಕ ಇನ್ನೂ ಫಳಫಳ ಹೊಳೆಯುತ್ತಿತ್ತು. ಮೂರರಲ್ಲಿ ಎರಡು ಪಕ್ಷಗಳು ಎದ್ದು ಹೋದವು, ಮೂರನೆಯದು ಎರಡು ಹೋಳಾಯಿತು, ಫಲಕ ಮಾತ್ರ ಅಲ್ಲಾಡಲಿಲ್ಲ. ನೀವು ಈಗ ಏನನ್ನು ಸಂಚಾಲನೆ ಮಾಡುತ್ತಿದ್ದೀರೋ ನನಗೆ ತಿಳಿಯದು. ಇರಲಿ, ಫಲಕಕ್ಕೆ ಮರ್ಯಾದೆ ಕೊಡೋಣ.

ನಾನು ಪುಸ್ತಕಕ್ಕೆ ರಟ್ಟು ಹಾಕುವವನು. ನ್ಯಾಯಾಲಯದ ದಫ್ತರ, ಶಾಲೆಯ ಹಾಜರಿ ಪುಸ್ತಕ, ಕಚೇರಿಗಳ ರಿಜಿಸ್ಟರ್, ಇವನ್ನೆಲ್ಲ ಹೊಲಿದು, ಅಂಟು ಬಳಿದು, ಅಂಚು ಕತ್ತರಿಸಿಕೊಡುವುದು ಮೂವತ್ತು ವರ್ಷದ ಕಸುಬು. ಊರಿನವರು ನನ್ನನ್ನು ರಟ್ಟಣ್ಣ ಎನ್ನುತ್ತಾರೆ. ಕಾರ್ಮಿಕರ ಪಕ್ಷ, ಶಿಕ್ಷಕರ ಪಕ್ಷ, ಬಾಡಿಗೆದಾರರ ಪಕ್ಷ, ಮೂವರ ಸದಸ್ಯತ್ವದ ಪುಸ್ತಕಗಳನ್ನೂ ಹೊಲಿದುಕೊಡುತ್ತಿದ್ದವನು ನಾನೇ. ಒಬ್ಬರ ಪುಸ್ತಕವನ್ನು ಇನ್ನೊಬ್ಬರಿಗೆ ತೋರಿಸಿದವನಲ್ಲ. ನನ್ನ ಇಡೀ ರಾಜಕೀಯ ಅರ್ಹತೆ ಅಷ್ಟೇ.

ನಿಮ್ಮ ಒಕ್ಕೂಟ ಹುಟ್ಟಿದ್ದು ಯಾವುದೋ ಸಿದ್ಧಾಂತದ ಮಂಥನದಿಂದ ಎಂದು ನೀವು ಭಾಷಣಗಳಲ್ಲಿ ಹೇಳುತ್ತಾ ಬಂದಿರಿ. ನಾನು ಕಂಡಂತೆ ಅದು ಹುಟ್ಟಿದ್ದು ಪೊಲೀಸರ ಒಂದು ಅನುಮತಿ ಚೀಟಿಯಿಂದ. ನಾಲ್ಕು ವರ್ಷದ ಹಿಂದೆ ಗಿರಣಿಯ ಹಿಂದಿನ ವಸತಿ ಸಾಲುಗಳನ್ನು ಖಾಲಿ ಮಾಡಿಸಲು ನೋಟಿಸು ಬಂದಾಗ, ಮೂರು ಪಕ್ಷದವರೂ ಒಂದೇ ಶನಿವಾರ, ಒಂದೇ ಚೌಕದಲ್ಲಿ, ಪ್ರತ್ಯೇಕ ಪ್ರತಿಭಟನೆಗೆ ಅರ್ಜಿ ಹಾಕಿದ್ದರು. ಠಾಣೆಯವರು ಒಂದೇ ಚೀಟಿ ಕೊಟ್ಟು ಕೈತೊಳೆದುಕೊಂಡರು. ಚೀಟಿ ಯಾರದು ಎಂದು ನನ್ನ ಅಂಗಡಿಯಲ್ಲೇ ಕಿತ್ತಾಟ ನಡೆಯಿತು, ಒಣಗಲು ಇಟ್ಟಿದ್ದ ರಟ್ಟುಗಳ ಮೇಲೆಲ್ಲ ಮೊಣಕೈ ಊರಿಕೊಂಡು. ಅಷ್ಟರಲ್ಲಿ ಹೆರಿಗೆ ಆಸ್ಪತ್ರೆಯ ಪಾಳಿಗೆ ಹೊರಟಿದ್ದ ಅಕ್ಕ ನನಗೆ ಊಟದ ಡಬ್ಬಿ ಕೊಡಲು ಬಂದಳು. ಅವಳೂ ಅದೇ ಸಾಲಿನ ಬಾಡಿಗೆದಾರಳು. ಒಂದೇ ಚೀಟಿ ಇದ್ದರೆ ಒಂದೇ ಸಭೆ ಮಾಡಿ, ಸರದಿಯಲ್ಲಿ ಮಾತಾಡಿ, ನಿಮ್ಮ ಜಗಳ ಮುಗಿಯುವಷ್ಟರಲ್ಲಿ ನಮ್ಮ ಮನೆಗೆ ಬೀಗ ಬಿದ್ದಿರುತ್ತದೆ ಎಂದು ಹೇಳಿ ಹೊರಟುಹೋದಳು. ಆ ಶನಿವಾರ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೋಟಿಸು ವಾಪಸಾಯಿತು, ಇನ್ನೂರು ಕುಟುಂಬಗಳು ಇಂದಿಗೂ ಅಲ್ಲೇ ಬದುಕುತ್ತಿವೆ.

ಆಮೇಲಿನದು ನಿಮಗೆ ಗೊತ್ತು. ನಮ್ಮ ನಗರಸಭೆ ಮೂರು ಪಕ್ಷಗಳ ಕೈಗೆ ಬಂತು, ನಮ್ಮನ್ನು ನೋಡಿ ಹನ್ನೊಂದು ಊರುಗಳಲ್ಲಿ ಅದೇ ನಡೆಯಿತು, ಎರಡು ಉಪಚುನಾವಣೆಗಳಲ್ಲಿ ಆಡಳಿತ ಪಕ್ಷ ಮಣ್ಣು ಮುಕ್ಕಿತು. ಆಗ ರಾಜಧಾನಿಯಿಂದ ನೀವು ಬಂದಿರಿ. ನನ್ನ ಅಂಗಡಿಯ ಹೊಸ್ತಿಲಲ್ಲಿ ನಿಂತು, ಅಂಟಿನ ವಾಸನೆಗೆ ಕರವಸ್ತ್ರ ಹಿಡಿದುಕೊಂಡು, ಇದು ನಮ್ಮ ಒಕ್ಕೂಟದ ತವರುಮನೆ ಅಂದಿರಿ. ನಾನು ಉಬ್ಬಿಹೋದೆ, ಸುಳ್ಳೇಕೆ. ಆ ದಿನ ನಿಮ್ಮ ಜೊತೆ ತೆಗೆಸಿಕೊಂಡ ಫೋಟೋಗೆ ನಾನೇ ಒಳ್ಳೆಯ ರಟ್ಟಿನ ಚೌಕಟ್ಟು ಮಾಡಿ ಗೋಡೆಗೆ ತೂಗುಹಾಕಿದ್ದೆ.

ಮಹಾಚುನಾವಣೆ ಹತ್ತಿರವಾದಂತೆ ತವರುಮನೆಯ ಮಕ್ಕಳು ಮುಖ ತಿರುಗಿಸತೊಡಗಿದರು. ಗೆದ್ದರೆ ಮುಖ್ಯಸ್ಥ ಯಾರು ಎಂಬುದು ಗೆಲ್ಲುವ ಮೊದಲೇ ನಿಮಗೆಲ್ಲ ನಿದ್ದೆಗೆಡಿಸಿತು. ಜಂಟಿ ಭಿತ್ತಿಪತ್ರದಲ್ಲಿ ಯಾರ ಬಾವುಟ ನಡುವೆ ಇರಬೇಕು ಎಂಬುದಕ್ಕೆ ಆರು ಸಭೆ ನಡೆದು, ಕೊನೆಗೆ ಮೂರು ಬಗೆಯ ಭಿತ್ತಿಪತ್ರ ಅಚ್ಚಾದವು. ಒಬ್ಬರ ಮೇಲೊಬ್ಬರಿಗೆ ಕಿಂಚಿತ್ತೂ ನಂಬಿಕೆ ಇರಲಿಲ್ಲ, ಅದನ್ನು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. ಆದ್ದರಿಂದ ತಾವು ಒಂದು ಏರ್ಪಾಡು ಕಂಡುಹಿಡಿದಿರಿ. ಪ್ರತಿ ಕ್ಷೇತ್ರದಲ್ಲೂ ಮೂರು ಪಕ್ಷದವರೂ ನಾಮಪತ್ರ ಸಲ್ಲಿಸಬೇಕು. ಮೂವರೂ ಅದನ್ನು ಹಿಂಪಡೆಯುವ ಅರ್ಜಿಗೆ ಮುಂಚಿತವಾಗಿಯೇ ಸಹಿ ಮಾಡಿ ಒಬ್ಬ ಪಾಲಕನ ಕೈಗೆ ಕೊಡಬೇಕು. ಕೊನೆಯ ದಿನ ನಿಮ್ಮ ಕಚೇರಿಯಿಂದ ಆಜ್ಞೆ ಬರುತ್ತದೆ, ಪಾಲಕ ಎರಡು ಅರ್ಜಿಗಳನ್ನು ಚುನಾವಣಾಧಿಕಾರಿಗೆ ಒಪ್ಪಿಸಬೇಕು, ಉಳಿದ ಒಬ್ಬರು ಒಕ್ಕೂಟದ ಅಭ್ಯರ್ಥಿ. ಇದಕ್ಕೆ ನೀವು ಇಟ್ಟ ಹೆಸರು 'ಶಿಸ್ತು'.

ನಮ್ಮ ಕ್ಷೇತ್ರದ ಪಾಲಕ ನಾನಾದೆ. ಮೂವರೂ ನನ್ನನ್ನೇ ಅಧಿಕೃತ ಪ್ರತಿನಿಧಿ ಎಂದು ಬರೆದುಕೊಟ್ಟರು. ಕಾರ್ಮಿಕರ ಪಕ್ಷದಿಂದ ಗಿರಣಿಯ ಫಿಟ್ಟರ್, ಶಿಕ್ಷಕರ ಪಕ್ಷದಿಂದ ಹೆಡ್‌ಮಾಸ್ಟರು, ಬಾಡಿಗೆದಾರರ ಪಕ್ಷದಿಂದ ನನ್ನ ಅಕ್ಕ. ಅಭ್ಯರ್ಥಿಯಾಗಲು ಅಕ್ಕ ಇಪ್ಪತ್ತೆರಡು ವರ್ಷದ ನರ್ಸ್ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ತಮ್ಮನ ಕೈಯಲ್ಲಿ ಅಕ್ಕನ ಅರ್ಜಿ ಇರುವುದು ಸರಿಯೇ ಎಂದು ನಾನು ಕೇಳಿದ್ದೆ. ರಟ್ಟಣ್ಣ ಪಕ್ಷಪಾತ ಮಾಡುವವನಲ್ಲ ಎಂದು ಎಲ್ಲರೂ ಅಂದರು. ಮಾಡಿದ್ದರೆ ಇವತ್ತು ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆ ಗಡುವು. ಒಂದು ಗಂಟೆಗೆ ನಿಮ್ಮ ಆಪ್ತ ಕಾರ್ಯದರ್ಶಿ ಫೋನು ಮಾಡಿ, ಕ್ಷೇತ್ರ ಕಾರ್ಮಿಕರ ಪಕ್ಷಕ್ಕೆ ಹೋಗಿದೆ, ಹೆಡ್‌ಮಾಸ್ಟರದ್ದೂ ನರ್ಸಮ್ಮನದ್ದೂ ಅರ್ಜಿ ಕೊಟ್ಟುಬಿಡಿ ಅಂದರು. ನಿಮ್ಮದೇ ಸುತ್ತೋಲೆಯಂತೆ ಆಜ್ಞೆಯನ್ನು ನಾನೇ ಹೊಲಿದ ರಿಜಿಸ್ಟರಿನಲ್ಲಿ ಬರೆದು, ಓದಿ ಹೇಳಿ, ಅವರಿಂದ 'ಸರಿ' ಅನ್ನಿಸಿಕೊಂಡೆ. ಅಕ್ಕನಿಗೆ ತಿಳಿಸಲು ಎರಡು ಸಲ ಮಾತು ಶುರುಮಾಡಬೇಕಾಯಿತು. ಎರಡು ವಾರದಿಂದ ಟಿಕೆಟ್ಟು ಅವಳದೇ ಎಂದು ನಿಮ್ಮವರೇ ಹೇಳುತ್ತಿದ್ದರಲ್ಲ. ಅವಳು, ಫಿಟ್ಟರ್ ಒಳ್ಳೆಯವನು, ನಡಿ ಕೊಟ್ಟುಬರೋಣ ಎಂದಳು. ಎರಡು ಗಂಟೆಗೆ ಎರಡೂ ಅರ್ಜಿಗಳಿಗೆ ಮೊಹರು ಬಿತ್ತು.

ಎರಡು ನಲವತ್ತಕ್ಕೆ, ನಾವಿನ್ನೂ ಚುನಾವಣಾಧಿಕಾರಿಯ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ, ಮತ್ತೆ ಫೋನು ಬಂತು. ಈ ಬಾರಿ ಕಾರ್ಯದರ್ಶಿಯಲ್ಲ, ಸಾಕ್ಷಾತ್ ನೀವು. ರಾಜಧಾನಿಯಲ್ಲಿ ಕಾರ್ಮಿಕರ ಪಕ್ಷದವರು ಸಭೆಯಿಂದ ಎದ್ದು ಹೋಗಿದ್ದರು, ಒಕ್ಕೂಟ ಮುರಿದಿತ್ತು.

"ಅವರು ನಮ್ಮ ಬೆನ್ನಿಗೆ ಚೂರಿ ಹಾಕಿದ್ದಾರೆ. ಆ ಫಿಟ್ಟರ್‌ದೂ ಕೊಟ್ಟುಬಿಡಿ, ಈಗಲೇ."

ಉಳಿದೆರಡನ್ನು ಆಗಲೇ ಕೊಟ್ಟಾಗಿದೆ ಸಾರ್ ಎಂದೆ. ಅದನ್ನು ವಾಪಸ್ ತಗೊಳ್ಳಬಹುದು, ನಾನು ಮಾತಾಡಿದ್ದೇನೆ, ನಿಮ್ಮ ಅಕ್ಕನೇ ಅಭ್ಯರ್ಥಿ, ತಡ ಮಾಡಬೇಡಿ ಎಂದಿರಿ. ಇದನ್ನೂ ತೊಡೆಯ ಮೇಲೆ ರಿಜಿಸ್ಟರಿಟ್ಟು ಬರೆದುಕೊಂಡೆ, ಓದಿ ಹೇಳಿದೆ. ನೀವು 'ಸರಿ' ಅಂದಿರಿ. ಯಾರೊಡನೆ ಮಾತಾಡಿದ್ದಿರಿ ಸ್ವಾಮಿ? ಒಮ್ಮೆ ಹಿಂಪಡೆದ ನಾಮಪತ್ರಕ್ಕೆ ಮತ್ತೆ ಜೀವ ಬರುವುದಿಲ್ಲ ಎಂದು ಚುನಾವಣಾ ನಿಯಮಗಳ ಪುಸ್ತಕದಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ. ಆ ಪುಸ್ತಕದ ನೂರಾರು ಪ್ರತಿಗಳನ್ನು ನಾನೇ ಹೊಲಿದಿದ್ದೇನೆ. ಹೊಲಿದೆ, ಓದಲಿಲ್ಲ. ಓದುವ ಕೆಲಸ ನಿಮ್ಮಂಥವರದು ಎಂದುಕೊಂಡಿದ್ದೆ.

ಅಕ್ಕ ಓದಿರಲಿಲ್ಲ, ಆದರೂ ಅವಳಿಗೆ ಹೊಳೆಯಿತು. ನಾನು ಏಳುತ್ತಿದ್ದಂತೆ ನನ್ನ ಅಂಗಿಯ ತೋಳು ಹಿಡಿದಳು.

"ಅದೊಂದನ್ನ ಕೊಡಬೇಡ ಕಣೋ. ಜಗಳ ಆಮೇಲೆ ಆಡ್ಕೊಳ್ಲಿ. ನಮ್ಮ ಕಡೆಯವನು ಅಂತ ಒಬ್ಬನಾದ್ರೂ ಇರ್ಲಿ."

ಅವಳ ಕೈ ಬಿಡಿಸಿಕೊಂಡು ಒಳಗೆ ಹೋದೆ. ಎರಡು ಐವತ್ತೆರಡಕ್ಕೆ ಮೂರನೆಯ ಅರ್ಜಿಗೂ ಮೊಹರು ಬಿತ್ತು. ಅಕ್ಕನದನ್ನು ವಾಪಸ್ ಕೊಡಿ ಎಂದು ಕೇಳಿದಾಗ ಚುನಾವಣಾಧಿಕಾರಿ ಕನ್ನಡಕ ತೆಗೆದು ನನ್ನನ್ನು ನೋಡಿದರು. ತಮಾಷೆ ಮಾಡ್ತಿದೀರಾ ಎಂದು ಕೇಳಿದರು. ಮೂರು ಗಂಟೆಗೆ ಹೊರಗೆ ಅಂಟಿಸಿದ ಪಟ್ಟಿಯಲ್ಲಿ ಒಂದೇ ಹೆಸರಿತ್ತು, ಆಡಳಿತ ಪಕ್ಷದವರದು. ಅವಿರೋಧ ಆಯ್ಕೆ. ಇಡೀ ದೇಶದಲ್ಲಿ ನಿಮ್ಮ ಒಕ್ಕೂಟ ಹುಟ್ಟಿದ ಊರಿನಲ್ಲಿ ಮಾತ್ರ ಒಬ್ಬರೂ ಮತ ಹಾಕುವಂತಿರಲಿಲ್ಲ. ಅಂದು ಸಂಜೆ ಎದುರಾದ ಫಿಟ್ಟರ್ ನನ್ನ ಕಡೆ ಉಗುಳಲಿಲ್ಲ ಎಂಬುದೇ ಅವನ ದೊಡ್ಡತನ.

ನನ್ನ ತಪ್ಪು ನಾನು ಒಪ್ಪಿಕೊಂಡಿದ್ದೇನೆ, ಚೌಕದಲ್ಲಿ ನಿಂತು ಒಪ್ಪಿಕೊಂಡಿದ್ದೇನೆ. ನೀವು ಒಪ್ಪಿಕೊಂಡಿರಾ? ನೀವು ವಿಚಾರಣಾ ಸಮಿತಿ ನೇಮಿಸಿದಿರಿ. ಸಮಿತಿ ನನ್ನ ರಿಜಿಸ್ಟರನ್ನು ತರಿಸಿಕೊಂಡಿತು, ಎರಡು ತಿಂಗಳು ಇಟ್ಟುಕೊಂಡಿತು, ಆ ದಿನದ ಯಾವ ಆಜ್ಞೆಯೂ ಅದರಲ್ಲಿ ನಮೂದಾಗಿಲ್ಲ ಎಂದು ಷರಾ ಬರೆದು ಹಿಂದಿರುಗಿಸಿತು. ಎರಡು ನಲವತ್ತರ ಕರೆ 'ಕಾರ್ಯಕರ್ತರಿಗೆ ಧೈರ್ಯ ಹೇಳಲು' ಮಾಡಿದ್ದು ಎಂದು ನಿಮ್ಮ ಕಾರ್ಯದರ್ಶಿ ಹೇಳಿಕೆ ಕೊಟ್ಟರು. ಹಾಗಾದರೆ ಮೂರೂ ಅರ್ಜಿ ಕೊಟ್ಟವನು ಯಾರ ಮಾತಿನ ಮೇಲೆ ಕೊಟ್ಟ? ಅವನ ಅಕ್ಕನ ಮಾತಿನ ಮೇಲೆಯೇ ಇರಬೇಕು. ಅವಳು ಯಾಕೆ ಹೇಳಿದಳು? ಮಾರಿಕೊಂಡಿರಬೇಕು. ನಿಮ್ಮ ಸಮಿತಿಯ ತರ್ಕ ಎಷ್ಟು ಸಲೀಸು ನೋಡಿ. ಕೊಡಬೇಡ ಎಂದ ಒಬ್ಬಳೇ ಒಬ್ಬಳು ಮಾರಿಕೊಂಡವಳು, ಕೊಡು ಎಂದವರು ಧೈರ್ಯ ಹೇಳಿದವರು.

ಈಗ ರಿಜಿಸ್ಟರಿನ ವಿಷಯ. ನಿಮ್ಮ ಕಚೇರಿಯಲ್ಲಿ ಜಾಣರಿದ್ದಾರೆ, ಆದರೆ ರಟ್ಟು ಹಾಕುವವರಿಲ್ಲ. ಹೊಲಿದ ಪುಸ್ತಕದಲ್ಲಿ ನಾಲ್ಕು ದೊಡ್ಡ ಹಾಳೆಗಳನ್ನು ನಡುವೆ ಮಡಿಸಿ, ಮಡಿಕೆಯಲ್ಲಿ ಸೂಜಿ ಹಾಯಿಸಿರುತ್ತೇವೆ. ಹಾಗೆ ಎಂಟು ಹಾಳೆಗಳ ಒಂದು ಕಟ್ಟಾಗುತ್ತದೆ. ಮೊದಲನೆಯದೂ ಎಂಟನೆಯದೂ ಒಂದೇ ತುಂಡು, ಎರಡನೆಯದೂ ಏಳನೆಯದೂ ಒಂದೇ ತುಂಡು. ಏಳನೆಯದನ್ನು ಬುಡದಿಂದ ಕಿತ್ತರೆ ಎರಡನೆಯದು ಕೈಗೆ ಬರುತ್ತದೆ. ನನ್ನ ರಿಜಿಸ್ಟರಿನ ನಾಲ್ಕನೆಯ ಕಟ್ಟಿನಲ್ಲಿ, ಆ ದಿನದ ಆಜ್ಞೆಗಳನ್ನು ಬರೆದಿದ್ದ ಏಳನೆಯ ಹಾಳೆ ಇಲ್ಲ. ಎರಡನೆಯದು ಬಿಟ್ಟುಬಂದದ್ದನ್ನು ಕಂಡು ಯಾರೋ ಪುಣ್ಯಾತ್ಮರು ಕಚೇರಿಯ ಗೋಂದು ಹಚ್ಚಿ ಮೆತ್ತಿದ್ದಾರೆ. ನಾನು ಮೂವತ್ತು ವರ್ಷದಲ್ಲಿ ಒಂದು ದಿನವೂ ಗೋಂದು ಬಳಸಿದವನಲ್ಲ, ನನ್ನದು ಮೈದಾ ಹಿಟ್ಟಿನ ಅಂಟು. ಇದನ್ನು ನೋಡಬೇಕೆನ್ನುವವರು ಅಂಗಡಿಗೆ ಬರಲಿ, ಮೇಜಿನ ಮೇಲೆ ಬಿಚ್ಚಿಟ್ಟಿದ್ದೇನೆ. ಒಂದನ್ನು ಕಿತ್ತರೆ ಇನ್ನೊಂದು ಬಿಡುತ್ತದೆ ಎಂಬುದರಿಂದ ಒಕ್ಕೂಟದ ಬಗ್ಗೆ ಉಪಮೆ ಹೊಸೆಯಲು ನನಗೆ ಬರುವುದಿಲ್ಲ, ಅದು ನಿಮ್ಮ ಭಾಷಣ ಬರೆಯುವವರ ಇಲಾಖೆ. ನಾನು ಕೇಳುವುದು ಇಷ್ಟು. ಆ ಹಾಳೆಯಲ್ಲಿ ಏನೂ ಇರಲಿಲ್ಲವಾದರೆ ಅದನ್ನು ಕಿತ್ತದ್ದೇಕೆ?

ಇದೆಲ್ಲ ಯಾಕೆ ಈಗ ಎನ್ನುತ್ತೀರೇನೋ. ಅಕ್ಕ ಆಸ್ಪತ್ರೆಗೆ ಮರಳಿ ಅರ್ಜಿ ಹಾಕಿದ್ದಾಳೆ. ಹೆರಿಗೆ ವಾರ್ಡಿನಲ್ಲಿ ಜಾಗ ಖಾಲಿ ಇದೆ, ಅಲ್ಲಿನವರಿಗೂ ಅವಳು ಬೇಕು. ಆದರೆ ನಿಮ್ಮ ವರದಿಯ ಒಂದು ಪ್ರತಿ ಮುಖ್ಯ ವೈದ್ಯರ ಮೇಜಿಗೆ ತಲುಪಿದೆ. ಇಂಥ ಆರೋಪ ಇರುವವರನ್ನು ತೆಗೆದುಕೊಳ್ಳುವ ಹಾಗಿಲ್ಲ ಸಿಸ್ಟರ್, ನಿಮ್ಮ ಪಕ್ಷದವರಿಂದಲೇ ಒಂದು ಕಾಗದ ತನ್ನಿ ಎಂದು ಅವರು ನೆಲ ನೋಡುತ್ತಾ ಹೇಳಿದರಂತೆ. ಇದೇ ತಿಂಗಳ ಕೊನೆಗೆ ಆ ಜಾಗ ಭರ್ತಿಯಾಗುತ್ತದೆ. ಅವಳ ಕೈಯಲ್ಲಿ ಹುಟ್ಟಿದ ಮಕ್ಕಳು ಈ ಊರಿನ ಪ್ರತಿ ಬೀದಿಯಲ್ಲೂ ಇದ್ದಾರೆ. ಈಗ ಅದೇ ಬೀದಿಗಳಲ್ಲಿ ಅವಳು ತಲೆ ಎತ್ತಿ ನಡೆಯುತ್ತಾಳೆ, ಆದರೆ ಬೇಗಬೇಗ ನಡೆಯುತ್ತಾಳೆ.

ಆದ್ದರಿಂದ ನನ್ನ ಬೇಡಿಕೆ. ಹರಿದ ಹಾಳೆ ನನಗೆ ಬೇಡ, ನೀವೇ ಇಟ್ಟುಕೊಳ್ಳಿ. ಕ್ಷಮೆಯೂ ಬೇಡ, ಪತ್ರಿಕಾಗೋಷ್ಠಿಯೂ ಬೇಡ. ಫಲಕ ಇರುವ ಅದೇ ಮೇಜಿನ ಮೇಲೆ, ನಿಮ್ಮ ಸ್ವಹಸ್ತದಲ್ಲಿ, ಮೂರನೆಯ ಅರ್ಜಿಯನ್ನು ಕೊಡುವಂತೆ ಹೇಳಿದವನು ನಾನು, ಕೊಡಬೇಡ ಎಂದವಳು ಆಕೆ ಎಂದು ಎರಡು ಸಾಲು ಬರೆದು, ಸಹಿ ಮಾಡಿ, ಈ ತಿಂಗಳ ಇಪ್ಪತ್ತೈದರೊಳಗೆ ಆಸ್ಪತ್ರೆಗೆ ಕಳಿಸಿ. ಕಳಿಸದಿದ್ದರೆ ಇಪ್ಪತ್ತಾರರಂದು ನಾನು ರಿಜಿಸ್ಟರ್ ಹಿಡಿದು ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂರುತ್ತೇನೆ. ನನ್ನ ಜೊತೆ ಫಿಟ್ಟರ್ ಬರುತ್ತೇನೆ ಎಂದಿದ್ದಾನೆ, ಹೆಡ್‌ಮಾಸ್ಟರೂ ಬರುತ್ತೇನೆ ಎಂದಿದ್ದಾರೆ. ಅನುಮತಿ ಚೀಟಿಗೆ ಮೂವರೂ ಸೇರಿ ಒಂದೇ ಅರ್ಜಿ ಹಾಕಿದ್ದೇವೆ.

ನನ್ನ ಭಾಗದ ಲೆಕ್ಕ ಇದರಿಂದ ಚುಕ್ತಾ ಆಗುವುದಿಲ್ಲ ಎಂಬುದೂ ಗೊತ್ತಿದೆ. ಅಕ್ಕ ಈ ನಾಲ್ಕು ತಿಂಗಳಲ್ಲಿ ನನ್ನನ್ನು ಒಂದು ಸಲವೂ ಬಯ್ದಿಲ್ಲ. ಮೊನ್ನೆ ಭಾನುವಾರ ಮಾತ್ರ, ಒಣಗಿದ ಬಟ್ಟೆ ಮಡಿಸುತ್ತಾ, ನನ್ನ ಮುಖ ನೋಡದೆ ಕೇಳಿದಳು.

"ನಾನು ನಿನ್ನ ಎದುರಿಗೇ ನಿಂತಿದ್ದೆ. ಅವರು ಎಲ್ಲೋ ಇದ್ರು. ಅವರ ಮಾತು ಯಾಕೆ ಕೇಳಿದೆ?"

ಅವಳ ಮುಖ ನೋಡಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ನೀವು ದೊಡ್ಡವರು ಎಂದುಕೊಂಡಿದ್ದೆ, ಅವಳು ಬರೀ ನನ್ನ ಅಕ್ಕ ಎಂದುಕೊಂಡಿದ್ದೆ.

ಇಂತಿ,
ನಿಮ್ಮ ಮಾತನ್ನು ಎಂದೂ ಮೀರದೆ,
ಅದಕ್ಕಾಗಿ ನಾಚಿಕೊಂಡಿರುವ
ಪುಸ್ತಕ ಹೊಲಿಯುವವನು