ಕೂತವರ ಅಳತೆ

ಮಾರ್ಚ್ ೯, ಭಾನುವಾರ

ಪ್ರೀತಿಯ ಕತ್ತರಿ,

ಹೇಗಿದ್ದೀಯೆ? ನಿನ್ನ ಕಾಗದ ಬಂದು ತಿಂಗಳಾಯಿತು. ಬೈಯಬೇಡ, ಬೈದರೂ ಸರಿಯೇ, ಬೈಸಿಕೊಳ್ಳುವಂಥದ್ದನ್ನೇ ಮಾಡಿದ್ದೇನೆ. ಕಾಲೇಜಿನ ಹುಡುಗರು ನಮ್ಮಿಬ್ಬರಿಗೂ ಸೇರಿಸಿ ಇಟ್ಟ ‘ಸೂಜಿ-ಕತ್ತರಿ’ ಅಡ್ಡಹೆಸರು ನೀನು ಕೆಲಸ ಬಿಟ್ಟ ಮೇಲೆ ಅರ್ಧವಾಗಿದೆ. ಸೂಜಿ ಒಂದೇ ಉಳಿದಿದೆ.

ಹೌದು, ನಾನೀಗ ಫ್ಯಾಷನ್ ವಿಭಾಗದಲ್ಲಿ ಕಾಯಂ ಪ್ರೊಫೆಸರು. ಇಷ್ಟು ವರ್ಷ ಗಂಟೆ ಲೆಕ್ಕದಲ್ಲಿ ಪಾಠ ಮಾಡಿ, ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದವಳಿಗೆ ಈಗ ಸ್ವಂತ ಕೋಣೆ. ಹಲ್ಲಿದ್ದಾಗ ಕಡಲೆಯಿಲ್ಲ ಅಂತ ನಗಬೇಡ. "ಕಾಯಂ ಆದ್ರೆ ಒಳಗಿಂದ ಬಾಗಿಲು ತೆಗೀಬಹುದು ಕಣೇ, ಯಾರೂ ಸೇರಿಸ್ಕೊಳ್ಳದ ಮಕ್ಕಳನ್ನ ಸೇರಿಸ್ಕೋ" ಅಂದವಳು ನೀನೇ. ಸೇರಿಸಿಕೊಂಡೆ. ಅವರಲ್ಲಿ ಗಾಲಿಕುರ್ಚಿಯ ಹುಡುಗಿಯೊಬ್ಬಳು, ಬಾಯಿ ಬಲು ಜೋರು. ಅವಳಿಗಾಗಿ ಜಗಳವಾಡಿ ಬಟ್ಟೆ ಕತ್ತರಿಸುವ ಒಂದು ಮೇಜಿನ ಕಾಲುಗಳನ್ನು ಮೋಟು ಮಾಡಿಸಿದೆ. ಮುಖ್ಯಸ್ಥರು "ಮುಂದೆ ಕಟ್ಟಡಾನೂ ಮೋಟು ಮಾಡಿಸ್ತೀರಾ?" ಅಂದರು.

ಅವಳು ತನಗಾಗಿ ಒಂದು ಪ್ಯಾಂಟು ಹೊಲಿದಳು. ಕೂತೇ ಇರುವವರ ಅಳತೆ ಅದು: ಹಿಂದೆ ಸೊಂಟ ಎತ್ತರ, ಮುಂದೆ ತಗ್ಗು, ಕೂರುವ ಕಡೆ ಒಂದು ಹೊಲಿಗೆಯೂ ಒತ್ತುವುದಿಲ್ಲ. ಅಂಥ ಕೆಲಸ ನಾನೂ ಮಾಡಿರಲಿಲ್ಲ. ವರ್ಷದ ಪ್ರದರ್ಶನದಲ್ಲಿ ಅವಳೇ ಅದನ್ನು ಹಾಕಿಕೊಂಡು ಬರುವುದೆಂದು ಮಾತಾಗಿತ್ತು. ಆ ದಿನ ನೋಡಿದರೆ, ವೇದಿಕೆಗೆ ಹತ್ತಿಸುವ ಇಳಿಜಾರು ಹಲಗೆ ಅವಳ ಕುರ್ಚಿಗಿಂತ ಕಿರಿದು. ಬಡಗಿ "ಸ್ವಲ್ಪ ಟೈಮ್ ಕೊಡಿ, ಸರಿ ಮಾಡ್ತೀನಿ" ಅಂದ. ತೀರ್ಪುಗಾರರು ಹೊರಡುವ ಅವಸರದಲ್ಲಿದ್ದರು. ಇಂಥ ಕೆಲಸ ಅವರ ಕಣ್ಣಿಗೆ ಬೀಳದೆ ಹೋದೀತೆಂದು ನನ್ನ ಜೀವ ಹೊಡೆದುಕೊಂಡಿತು. ಹ್ಯಾಂಗರಿನಲ್ಲಿದ್ದ ಪ್ಯಾಂಟನ್ನು ಒಬ್ಬ ಮಾಡೆಲ್‌ಗೆ ಹಾಕಿಸಿ ನಡೆಸಿಬಿಟ್ಟೆ.

ನಿಂತವರ ಮೈಮೇಲೆ ಅದು ಹೇಗೆ ಕಂಡೀತು, ನೀನೇ ಹೇಳು. ಹಿಂದೆ ಚೀಲದ ಹಾಗೆ ಜೋತುಬಿತ್ತು, ಮುಂದೆ ಜಾರಿತು. ಯಾರೋ ನಕ್ಕರು, ಆಮೇಲೆ ಸಭೆಯೆಲ್ಲ ನಕ್ಕಿತು. ತೀರ್ಪುಗಾರರೊಬ್ಬರು "ಫಿಟ್ಟಿಂಗ್ ಕಲಿಸಿಲ್ವಾ?" ಅಂದರು. ವಿವರಿಸೋಣವೆಂದು ನಾನು ಮೈಕು ಹಿಡಿಯುವಷ್ಟರಲ್ಲಿ ಮುಂದಿನ ಹಾಡು ಶುರುವಾಗಿತ್ತು. ಅವಳು ಕೆಳಗಿನಿಂದ ನೋಡುತ್ತಿದ್ದಳು.

ಅಂದಿನಿಂದ ಕ್ಲಾಸಿಗೆ ಬಂದಿಲ್ಲ. ಫೋನು ಮಾಡಿದರೆ ಅವಳಮ್ಮ "ಮಲಗಿದ್ದಾಳೆ" ಅನ್ನುತ್ತಾರೆ. ಮಾಡಬಾರದಿತ್ತು ಅಂತ ದಿನಕ್ಕೆ ನೂರು ಸಲ ಅಂದುಕೊಳ್ಳುತ್ತೇನೆ. ಆ ಮೋಟು ಮೇಜಿನ ಮೇಲೆ ಈಗ ಉಳಿದ ಹುಡುಗರು ಬ್ಯಾಗು ಇಡುತ್ತಾರೆ.

ನಿನ್ನ ಮಂಡಿನೋವು ಹೇಗಿದೆ? ಮಗಳಿಗೆ ನನ್ನ ಆಶೀರ್ವಾದ, ನೂರು ಕಾಲ ತಣ್ಣಗಿರಲಿ. ಯಜಮಾನರಿಗೆ ನಮಸ್ಕಾರ ಹೇಳು.

ನಿನ್ನ
ಸೂಜಿ

ತಾ.ಕ.: ಸೋಮವಾರ. ಇದನ್ನು ಅಂಚೆಗೆ ಹಾಕುವ ಮೊದಲೇ ಅವಳು ಬಂದಳು. ಪಾಠಕ್ಕಲ್ಲ, ಲೆಕ್ಕಶಾಸ್ತ್ರದ ಕೋರ್ಸಿಗೆ ಹೋಗಲು ನನ್ನ ಒಪ್ಪಿಗೆ ಬೇಕಂತೆ. ಗಾಬರಿಯಲ್ಲಿ "ಕೂತ್ಕೋಮ್ಮ" ಅಂದುಬಿಟ್ಟೆ. "ನಾನು ಕೂತೇ ಇದ್ದೀನಲ್ಲ ಮೇಡಂ, ನೀವೇ ಕೂತ್ಕೊಳ್ಳಿ" ಅಂದಳು. ಕೂತೆ. "ಮಾಡೆಲ್‌ಗೆ ಹಾಕ್ಲಾ ಅಂತ ಒಂದು ಮಾತು ಕೇಳಿದ್ರೆ ಬೇಡ ಅಂತಿದ್ದೆ. ಅಲ್ಲೇ ಪಕ್ಕದಲ್ಲಿದ್ದೆ. ನಿಮಗೆ ಪ್ಯಾಂಟು ಬೇಕಿತ್ತು, ನಾನು ಬೇಕಿರಲಿಲ್ಲ. ಅಲ್ವಾ ಮೇಡಂ?" ಅವಳು ತಂದಿದ್ದ ಅರ್ಜಿಯನ್ನು ನನ್ನ ಕಡೆ ಎಳೆದುಕೊಂಡೆ. ಸಹಿ ಹಾಕಿಕೊಟ್ಟೆ, ಕತ್ತರಿ.