ಗಾಳಿಯೇ ಅಪರಾಧಿಯಾದರೆ ಗೇಟಿಗೆ ಬೀಗ ಹಾಕಿದ್ದು ಯಾರು?

ನಗರದ ಅಗ್ನಿ ಸುರಕ್ಷತೆಯ ಹೊಣೆ ಹೊತ್ತಿರುವ ಮಾನ್ಯ ನಿರ್ದೇಶಕರೇ,

ನಮ್ಮ ಗುಡ್ಡದ ಬೀದಿಯನ್ನು ಸುಟ್ಟವರು ಯಾರೆಂದು ಪತ್ತೆ ಹಚ್ಚಿ ತಾವು ಪ್ರಕಟಿಸಿದ ವರದಿಯನ್ನು ಓದಿದೆ. ಅಪರಾಧಿ ಗಾಳಿ ಎಂದು ತಿಳಿದು ಮನಸ್ಸು ಹಗುರವಾಯಿತು. ಇಷ್ಟು ದಿನ ನಾನು ಸುಮ್ಮನೆ ಮನುಷ್ಯರನ್ನು ಅನುಮಾನಿಸುತ್ತಿದ್ದೆ. ಗಾಳಿಗೆ ನೋಟಿಸು ಜಾರಿಯಾಯಿತೇ, ಅದು ವಿಚಾರಣೆಗೆ ಹಾಜರಾಯಿತೇ ಎಂಬುದು ಮಾತ್ರ ವರದಿಯಲ್ಲಿಲ್ಲ. ನೋಟಿಸು ಬಂದಿರುವುದು ನನ್ನ ಭಾವನಿಗೆ. ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದರೆಂದು ಅವರನ್ನು ಕೆಲಸದಿಂದ ಅಮಾನತು ಮಾಡಿದ್ದೀರಿ. ಆ ಆಸ್ತಿ ಒಂದು ಕಬ್ಬಿಣದ ಗೇಟು. ಅದು ಮುರಿಯದೆ ಉಳಿದಿದ್ದರೆ ಈ ಪತ್ರ ಬರೆಯಲು ನಾನು ಉಳಿಯುತ್ತಿರಲಿಲ್ಲ. ತಮಗೆ ಓದುವ ತೊಂದರೆಯೂ ತಪ್ಪುತ್ತಿತ್ತು.

ನಾನು ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವಳು. ಬೀದಿಯ ಮೇಲ್ತುದಿಯಲ್ಲಿ ಮನೆ, ಮನೆಯ ಮುಂಗೋಣೆಯೇ ಅಂಗಡಿ, ಹಿತ್ತಲ ಬೇಲಿಯಾಚೆ ಗುಡ್ಡ. ಗುಡ್ಡದ ತುಂಬ ಎದೆಮಟ್ಟದ ಹುಲ್ಲು, ಹುಲ್ಲಿನ ಮೇಲೆ ಜೋತುಬಿದ್ದ ವಿದ್ಯುತ್ ತಂತಿಗಳು. ಬೇಸಗೆ ಬಂದರೆ ಆ ಹುಲ್ಲು ಒಣಗಿ, ಕಾಲಿಟ್ಟರೆ ಚರಚರ ಅನ್ನುತ್ತಿತ್ತು. ಅದನ್ನು ಕೊಯ್ಯಿಸಿ ಎಂದು ಕೇಳಲು ತಮ್ಮ ಕಚೇರಿಗೆ ಬಂದಿದ್ದೆ. ಗುಮಾಸ್ತರು ಸಭ್ಯರು, ಕುರ್ಚಿ ಕೊಟ್ಟರು.

"ಹಳೇ ಕಾಲುದಾರಿಯಿಂದ ಮೇಲಕ್ಕೆ ಅರಣ್ಯದವರದ್ದಮ್ಮಾ, ಕೆಳಕ್ಕೆ ನಮ್ಮದು," ಅಂದರು.

"ಹಾಗಾದ್ರೆ ಕೆಳಗಿನದನ್ನ ನೀವು ಕೊಯ್ಸಿ."

"ಆ ಕಾಲುದಾರಿ ಎಲ್ಲಿದೆ ಅಂತ ಗೊತ್ತಾಗ್ಬೇಕಲ್ಲ. ಹುಲ್ಲು ಮುಚ್ಚಿಕೊಂಡಿದೆ."

ವಿದ್ಯುತ್ ಕಚೇರಿಯವರು ಇನ್ನೂ ಚುಟುಕಾಗಿ ಮುಗಿಸಿದರು. ತಂತಿ ಜೋತುಬಿದ್ದಿದೆ ಅಂದೆ. "ಬಿದ್ದಿಲ್ಲ ತಾನೇ? ಬಿದ್ರೆ ಫೋನ್ ಮಾಡಿ," ಅಂದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡು ನಮ್ಮ ಹಿರಿಯರು ನಗುತ್ತಿದ್ದರು. ಆ ಕಾಲದವರು ಕೊನೆಗೆ ಬಾವಿಯನ್ನಾದರೂ ತೋಡುತ್ತಿದ್ದರಲ್ಲ ಎಂದು ನನಗೀಗ ಅವರ ಮೇಲೆ ಗೌರವ ಮೂಡಿದೆ.

ಇನ್ನು ಗೇಟಿನ ಕಥೆ. ನಮ್ಮ ಬೀದಿಗೆ ಕೆಳಗೊಂದು ಬಾಯಿ, ಮೇಲೊಂದು ಬಾಯಿ. ಮೇಲಿನ ದಾರಿ ನೀರಿನ ಟ್ಯಾಂಕಿನ ಪಕ್ಕದಿಂದ ಹಾದು ಗುಡ್ಡದ ಆಚೆ ಇಳಿಯುತ್ತದೆ. ಅಲ್ಲಿ ಯಾರೋ ಕಸ ಸುರಿದರೆಂದು ತಮ್ಮ ಕಚೇರಿ ಗೇಟು ನಿಲ್ಲಿಸಿ ಬೀಗ ಜಡಿಯಿತು. ಕಸ ಸುರಿಯುವವರು ಗೇಟಿನ ಈಚೆ ಸುರಿಯತೊಡಗಿದರು. ಹೀಗೆ ಒಣಹುಲ್ಲಿನ ಪಕ್ಕದಲ್ಲಿ ಒಣಕಸವೂ ಸೇರಿ, ಒಲೆಗೆ ಸೌದೆ ಒಟ್ಟಿದ ಹಾಗಾಯಿತು. ಅಷ್ಟರಲ್ಲೇ ಗುಡ್ಡದ ಇಳಿಜಾರಿನಲ್ಲಿ ಇನ್ನಷ್ಟು ಮನೆ ಕಟ್ಟಲು ತಾವು ಪರವಾನಗಿ ಕೊಟ್ಟಿರಿ. ಮನೆಗಳು ಹೆಚ್ಚಿದವು, ದಾರಿ ಎರಡಿದ್ದದ್ದು ಒಂದಾಯಿತು. ಈ ಲೆಕ್ಕವನ್ನೂ ಗಾಳಿಯೇ ಮಾಡಿತೇ?

ಆ ಮಧ್ಯಾಹ್ನ ಗಾಳಿ ಜೋರಾಗಿತ್ತು, ಒಪ್ಪುತ್ತೇನೆ. ಗಿರಾಕಿಯೊಬ್ಬರಿಗೆ ಅಕ್ಷರದ ಹಲಗೆ ಓದಿಸುತ್ತಿದ್ದೆ. "ಎಲ್ಲಾ ಮಂಜುಮಂಜಾಗಿದೆ" ಅಂದರು. ಗಾಜು ಬದಲಿಸಿದೆ. "ಈಗ್ಲೂ ಹಾಗೇ ಇದೆ," ಅಂದರು. ತಿರುಗಿ ನೋಡಿದರೆ ಕೋಣೆಯೊಳಗೆ ಹೊಗೆ. ಹಿತ್ತಿಲಿಗೆ ಓಡಿದೆ. ಗುಡ್ಡದ ಮೇಲೆ ಎರಡು ತಂತಿಗಳು ಒಂದಕ್ಕೊಂದು ಬಡಿದುಕೊಂಡು ಕಿಡಿ ಉದುರಿಸುತ್ತಿದ್ದವು, ಕೆಳಗೆ ಹುಲ್ಲು ಹೊತ್ತಿ ಉರಿಯುತ್ತಿತ್ತು. ಬೆಂಕಿ ನಡೆದು ಬರುತ್ತದೆ ಅಂದುಕೊಂಡಿದ್ದೆ. ಅದು ಹಾರಿ ಬಂತು. ಕೆಂಡದ ಚೂರುಗಳು ನಮ್ಮ ತಲೆಯ ಮೇಲೆಯೇ ಹಾದು, ನಾಲ್ಕು ಮನೆಯಾಚೆಯ ಸೂರಿನ ಸಂದಿಯಲ್ಲಿ ನುಸುಳಿದವು. ಮರದ ಬೇಲಿಗಳು ಒಂದು ಮನೆಯಿಂದ ಇನ್ನೊಂದಕ್ಕೆ ಬತ್ತಿಯಂತೆ ಬೆಂಕಿಯನ್ನು ಒಯ್ದವು. ಕರೆಂಟು ಹೋಗಿ ಪಂಪು ನಿಂತಿತು. ಟ್ಯಾಂಕಿನ ಪಕ್ಕದಲ್ಲೇ ಇದ್ದ ನಮ್ಮ ನಲ್ಲಿಗಳು ಬರೀ ಉಸಿರು ಬಿಟ್ಟವು.

ಅತ್ತೆಯನ್ನು ಕೈಹಿಡಿದು ಬೀದಿಗೆ ಎಳೆದುಕೊಂಡು ಬಂದೆ. ಅವರು ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದಿದ್ದರು. ಆಮೇಲೆ ನೋಡಿದರೆ ಅದು ಟೀವಿಯ ರಿಮೋಟು. ಬೀದಿಯ ಕೆಳಬಾಯಿಯಲ್ಲಿ ಕಾರುಗಳು ಒಂದಕ್ಕೊಂದು ಮೂತಿ ತಾಗಿಸಿ ಸಿಕ್ಕಿಕೊಂಡಿದ್ದವು. ಅವುಗಳಾಚೆ ಅಗ್ನಿಶಾಮಕ ವಾಹನ ಗಂಟೆ ಬಾರಿಸುತ್ತ ನಿಂತಿತ್ತು. ಆ ಸಿಬ್ಬಂದಿಯ ಮೇಲೆ ನನಗೆ ಎಳ್ಳಷ್ಟೂ ದೂರಿಲ್ಲ. ಅವರು ಪೈಪು ಹೆಗಲಿಗೆ ಹಾಕಿಕೊಂಡು ಕಾರುಗಳ ಮೇಲೆ ಹತ್ತಿ ಬಂದರು.

ನನ್ನ ಭಾವ, ಅಂದರೆ ಅಕ್ಕನ ಗಂಡ, ನಗರಾಡಳಿತದ ಶಾಲಾ ಬಸ್ಸಿನ ಚಾಲಕ. ಬೀದಿಯ ನಡುಮಧ್ಯೆ ಅವರ ಮನೆ. ಮಕ್ಕಳನ್ನು ಶಾಲೆಗೆ ಬಿಟ್ಟು, ಬಸ್ಸನ್ನು ಮನೆ ಮುಂದೆ ನಿಲ್ಲಿಸಿ ಊಟಕ್ಕೆ ಕೂತಿದ್ದವರು ಎಂಜಲು ಕೈಯಲ್ಲೇ ಎದ್ದು ಬಂದರು. ಸಿಕ್ಕಿದವರನ್ನೆಲ್ಲ ಬಸ್ಸಿಗೆ ಹತ್ತಿಸಿದರು. ಅಕ್ಕ ಗೇಟಿನ ಬೀಗದ ಕೈಗಾಗಿ ತಮ್ಮ ಕಚೇರಿಗೆ ಫೋನು ಹಚ್ಚಿದಳು.

ನಮ್ಮ ಎದುರುಮನೆಯಲ್ಲಿ ನಿವೃತ್ತ ಗಣಿತದ ಮೇಷ್ಟ್ರಿದ್ದರು. ಬೀದಿಯಲ್ಲಿ ಅವರಿಗೆ 'ಕಾಯಿದೆ ಮೇಷ್ಟ್ರು' ಎಂದೇ ಹೆಸರು. ಖಾಲಿ ರಸ್ತೆಯಲ್ಲೂ ಕೆಂಪು ದೀಪ ಕಂಡರೆ ನಿಲ್ಲುವ ಮನುಷ್ಯ. ನನ್ನ ಅಂಗಡಿಯಿಂದ ಕನ್ನಡಕ ಒಯ್ದರೆ, ಅದನ್ನು ಒರೆಸುವ ಬಟ್ಟೆಯನ್ನೂ ಎಂಟು ದಿನಕ್ಕೊಮ್ಮೆ ಒಗೆಯುವವರು. ನಾನು ಅವರ ಬಾಗಿಲು ಬಡಿದೆ.

"ಬನ್ನಿ ಮೇಷ್ಟ್ರೇ, ಬಸ್ಸಲ್ಲಿ ಜಾಗ ಇದೆ."

ಅವರು ಮೊಬೈಲು ತೋರಿಸಿದರು. ತಮ್ಮ ಇಲಾಖೆಯ ಸಂದೇಶ: ಪರಿಸ್ಥಿತಿ ಹತೋಟಿಯಲ್ಲಿದೆ, ಗಾಬರಿಪಡಬೇಡಿ, ಮುಂದಿನ ಸೂಚನೆಯವರೆಗೆ ಮನೆಯೊಳಗೇ ಇರಿ.

"ಎಲ್ಲರೂ ರಸ್ತೆಗೆ ಇಳಿದ್ರೆ ಬೆಂಕಿ ಆರಿಸೋರು ಬರೋದು ಹೇಗಮ್ಮಾ?" ಅಂದರು. "ಯಾರಾದ್ರೂ ಒಬ್ರು ಹೇಳಿದ ಮಾತು ಕೇಳ್ಬೇಕಲ್ಲ. ನೀನು ಹೊರಡು, ನಿಮ್ಮತ್ತೆಗೆ ದಮ್ಮಿನ ಕಾಯಿಲೆ ಇದೆ. ಸೂಚನೆ ಬಂದ ತಕ್ಷಣ ನಾನೂ ಬರ್ತೀನಿ."

ನಾನು ಕೈ ಹಿಡಿದು ಎಳೆದೆ. ಅವರು ಬಿಡಿಸಿಕೊಂಡು, ನನ್ನ ಬೆನ್ನು ತಟ್ಟಿ, ಕಿಟಕಿ ಮುಚ್ಚಲು ಒಳಗೆ ಹೋದರು. ಅತ್ತ ಬಸ್ಸಿನಿಂದ ಅತ್ತೆ ಕೂಗುತ್ತಿದ್ದರು. ನಾನು ಓಡಿದೆ.

ಭಾವ ಬಸ್ಸನ್ನು ಗೇಟಿಗೆ ಗುದ್ದಿಸಿದರು. ಮೊದಲ ಸಲ ಅದು ಬಗ್ಗಿತು, ಎರಡನೆಯ ಸಲ ಬಿತ್ತು. ನಮ್ಮ ಹಿಂದೆಯೇ ಕಾರುಗಳು ತಿರುಗಿ ಬಂದವು. ಗುಡ್ಡದ ಆಚೆ ಇಳಿದು ಬಸ್ಸು ನಿಂತಾಗ ನೋಡಿದೆ. ಭಾವನ ಕೈಗೆ ಅನ್ನದ ಅಗುಳು ಅಂಟಿಕೊಂಡೇ ಇತ್ತು.

ಆ ಮುಂದಿನ ಸೂಚನೆ ಬಂತು, ಮಾನ್ಯರೇ. ಮಾರನೆಯ ಬೆಳಗ್ಗೆ, ಸಮುದಾಯ ಭವನದ ನೆಲದ ಮೇಲೆ ನಾವೆಲ್ಲ ಕೂತಿದ್ದಾಗ, ಎಲ್ಲರ ಮೊಬೈಲುಗಳೂ ಒಟ್ಟಿಗೆ ಕಿಣಿಗುಟ್ಟಿದವು: "ಕೂಡಲೇ ಮನೆಗಳನ್ನು ತೆರವು ಮಾಡಿ." ಅಷ್ಟರಲ್ಲಿ ತೆರವು ಮಾಡಲು ಮನೆಗಳಿರಲಿಲ್ಲ. ಮೇಷ್ಟ್ರೂ ಇರಲಿಲ್ಲ.

ಭಾವನ ವಿಚಾರಣೆಗೆ ನಾನೂ ಜೊತೆಗೆ ಬಂದಿದ್ದೆ. ತಂಪಾದ ಕೋಣೆ, ಮೇಜಿನ ಮೇಲೆ ನೀರಿನ ಬಾಟಲಿಗಳು. ತಮ್ಮ ಅಧಿಕಾರಿ ಕೇಳಿದರು: "ಗೇಟು ಮುರಿಯೋಕೆ ಅನುಮತಿ ತಗೊಂಡಿದ್ರಾ?"

"ನನ್ನ ಹೆಂಡ್ತಿ ಫೋನ್ ಮಾಡಿದ್ಲು ಸರ್. ಬೀಗದ ಕೈ ಇರೋರು ಊಟಕ್ಕೆ ಹೋಗಿದ್ದಾರೆ ಅಂದ್ರು."

"ಕಾಯ್ಬಹುದಿತ್ತಲ್ಲ?"

"ನಾವು ಕಾಯ್ತಿದ್ವಿ ಸರ್. ಬೆಂಕಿ ಕಾಯ್ಲಿಲ್ಲ."

ಅಧಿಕಾರಿ ಅದನ್ನು ಉದ್ಧಟತನ ಎಂದು ಬರೆದುಕೊಂಡರು. ಬೆಂಕಿ ಬಿದ್ದ ಮನೆಯಲ್ಲಿ ಗಳ ಹಿರಿಯುವವರನ್ನು ಕೇಳಿದ್ದೇನೆ. ಸುಟ್ಟ ಬೀದಿಯಲ್ಲಿ ಗೇಟಿನ ಲೆಕ್ಕ ಕೇಳುವವರನ್ನು ಕಂಡದ್ದು ಅದೇ ಮೊದಲು.

ಕಳೆದ ವಾರ ಬೀದಿಗೆ ಹೋಗಿದ್ದೆ. ಕರಿ ಗೋಡೆಗಳ ನಡುವೆ ಒಂದೇ ಒಂದು ಹೊಸ ಕಟ್ಟಡ ಕಾಮಗಾರಿ ಮುಗಿದಿದೆ: ಗೇಟು. ಈ ಸಲ ಬಸ್ಸಿಗೂ ಜಗ್ಗದ ದಪ್ಪ ಕಂಬಿ, ಜೊತೆಗೆ ಭಾರಿ ಬೀಗ. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂದು ಗಾದೆ ಇದೆ. ತಾವು ಸೂರೆಗೆ ಮುಂಚೆಯೂ ಹಾಕಿದ್ದಿರಿ, ಆಮೇಲೂ ಹಾಕಿದಿರಿ. ಗುಡ್ಡದ ಮೇಲೆ ಹೊಸ ಹುಲ್ಲು ಮೊಣಕಾಲು ಮುಟ್ಟಿದೆ.

ನನ್ನ ಬೇಡಿಕೆ ದೊಡ್ಡದಲ್ಲ. ಭಾವನ ಮೇಲಿನ ಆರೋಪ ಕೈಬಿಡಿ. ಗೇಟು ಕೀಳಿಸಿ. ಈ ಬೇಸಗೆಗೆ ಮುಂಚೆ ಹುಲ್ಲು ಕೊಯ್ಯಿಸಿ, ತಂತಿ ಬಿಗಿಸಿ. ಗಡಿ ಯಾರದೆಂಬ ಜಗಳವನ್ನು ಬೇಕಾದರೆ ಆಮೇಲೆ ಬೋಳುಗುಡ್ಡದ ಮೇಲೆ ನಿಂತು ಆಡಿ. ಇವೆಲ್ಲ ತಮ್ಮಿಂದ ಆಗದಿದ್ದರೆ, ಕಡೆಗೆ ವರದಿಯ ಒಂದು ಸಾಲನ್ನಾದರೂ ತಿದ್ದಿ. ಮೇಷ್ಟ್ರ ಸಾವಿಗೆ ಕಾರಣವೆಂದು ತಾವು ಬರೆಸಿರುವುದು ಇದು: "ಸಕಾಲದಲ್ಲಿ ಮನೆ ತೆರವು ಮಾಡದ ನಿವಾಸಿಯ ನಿರ್ಲಕ್ಷ್ಯ." ಬದುಕಿಡೀ ಒಂದು ಕೆಂಪು ದೀಪ ದಾಟದ ಮನುಷ್ಯನ ಹೆಸರಿನ ಮುಂದೆ ಆ ಮಾತು ಬೇಡ. ಅದನ್ನು ಹೊಡೆದುಹಾಕಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ: "ಇವರು ನಮ್ಮ ಮಾತು ನಂಬಿದರು."

ಇಂತಿ,
ಸದ್ಯಕ್ಕೆ ಅಕ್ಕ-ಭಾವ ಹಿಡಿದಿರುವ ಬಾಡಿಗೆ ಮನೆಯ ಹಜಾರದಲ್ಲಿ ಅತ್ತೆಯೊಂದಿಗೆ ಚಾಪೆ ಹಾಸಿಕೊಂಡಿರುವ,
ಉತ್ತರ ಬರೆಯುವ ಮನಸ್ಸಾದರೆ ಯಾವ ವಿಳಾಸಕ್ಕೆಂದು ಹೇಳಲಾರದ
ಕನ್ನಡಕದಂಗಡಿಯವಳು